ಟೆಲಿಫೋನ್ ಕೋಣೆಯ ತಿರುಗುಗುಂಡಿ

ಮನೆಗೆ ಯಾವ ಎಸಿ ಹಾಕಿಸಿದರೆ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಗಾಳಿ ಮೇಸ್ತ್ರಿ ಎಂದೂ ನೇರವಾಗಿ ಉತ್ತರ ಕೊಟ್ಟವರಲ್ಲ. ಮನೆಯಲ್ಲಿ ಎಷ್ಟು ಜನ, ಎಲ್ಲರೂ ಒಂದೇ ಹೊತ್ತಿಗೆ ಮಲಗುತ್ತೀರೋ ಹೇಗೆ, ಯಾರ ಮಾತು ನಡೆಯುತ್ತದೆ ಎಂದು ತಿರುಗಿ ಅವರೇ ಕೇಳುತ್ತಿದ್ದರು. ಮುದುಕರಿಗೆ ಅರಳುಮರಳು ಎಂದು ಬಂದವರಿಗೆ ಅನುಮಾನ. ಹೆಂಡತಿ ಪಕ್ಕದಲ್ಲೇ ನಿಂತಿರುವಾಗ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ಕೇಳಿದರೆ ಗಂಡಸರು ತಾನೇ ಏನು ಹೇಳಿಯಾರು.

ಅವರು ತಡವರಿಸುವಷ್ಟರಲ್ಲಿ ಮೇಸ್ತ್ರಿಯ ಪಾಠ ಶುರುವಾಗಿರುತ್ತಿತ್ತು.

"ನೋಡಿ, ಕಿಟಕಿ ಎಸಿ ಅಂದ್ರೆ ಒಂಟಿ ಮನುಷ್ಯ. ಬೇಯ್ಸೋದೂ ಅವನೇ, ಪಾತ್ರೆ ತೊಳೆಯೋದೂ ಅವನೇ, ಎಲ್ಲ ಒಂದೇ ಡಬ್ಬೀಲಿ. ಗೊಣಗ್ತಾನೆ, ಆದ್ರೆ ಕೆಲಸ ಮಾಡ್ತಾನೆ. ಸ್ಪ್ಲಿಟ್ ಅಂದ್ರೆ ಗಂಡ ಹೆಂಡತಿ. ಒಬ್ರು ಒಳಗೆ ತಣ್ಣಗೆ ಕೂತಿರ್ತಾರೆ, ಇನ್ನೊಬ್ರು ಹೊರಗೆ ಬಿಸಿಲಲ್ಲಿ ಒದ್ದಾಡ್ತಿರ್ತಾರೆ. ಮಧ್ಯೆ ಎರಡು ಪೈಪಿನ ಸಂಬಂಧ. ಅದು ಸೋರಿತೋ, ಇಬ್ರೂ ಇದ್ದೂ ಇಲ್ಲದ ಹಾಗೆ. ನೀರಿನ ಕೂಲರ್ ಅಂದ್ರೆ ದೂರದ ನೆಂಟ. ಒಣ ಹವೆಯಲ್ಲಿ ಬಂದ್ರೆ ಸಂತೋಷ, ಮಳೆಗಾಲದಲ್ಲಿ ಬಂದ್ರೆ ಮನೆಯೆಲ್ಲ ಒದ್ದೆ. ಇನ್ನು ಸೆಂಟ್ರಲ್ ಎಸಿ, ಅದು ಕೂಡು ಕುಟುಂಬ. ಒಂದೇ ಒಲೆ, ಒಂದೇ ಪಾತ್ರೆ. ಉಪ್ಪು ಹೆಚ್ಚಾದ್ರೆ ಎಲ್ಲರಿಗೂ ಹೆಚ್ಚು, ಯಾರೊಬ್ಬರಿಗೂ ಬೇರೆ ಬಡಿಸೋ ಹಾಗಿಲ್ಲ."

ಕೇಳಿದವರು ನಕ್ಕು, ಕೊನೆಗೆ ಅಂಗಡಿಯವನು ಹೇಳಿದ್ದನ್ನೇ ಕೊಂಡು ಹೋಗುತ್ತಿದ್ದರು. ಮೇಸ್ತ್ರಿ ಮಾತ್ರ ತಮಾಷೆಗೆ ಹೇಳುತ್ತಿರಲಿಲ್ಲ. ಮೂವತ್ನಾಲ್ಕು ವರ್ಷ ಅವರು ಒಂದು ವಿಮಾ ಕಂಪನಿಯ ಆರು ಮಹಡಿ ಕಟ್ಟಡದ ಸೆಂಟ್ರಲ್ ಎಸಿ ನೋಡಿಕೊಂಡವರು. ಸಂಜೆ ಹೋಗಿ ಸೇರುತ್ತಿದ್ದದ್ದು ಒಂಬತ್ತು ಜನರ ಕೂಡು ಕುಟುಂಬ. ಎರಡು ಕಡೆಯೂ ಎಲ್ಲರಿಗೂ ಒಂದೇ ಗಾಳಿ. ಅದರ ಸುಖ ದುಃಖ ಅವರಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ.

ನಿವೃತ್ತಿಯಾಗಿ ಎಂಟು ವರ್ಷದ ಮೇಲೆ, ಅರವತ್ತಾರನೆಯ ವಯಸ್ಸಿನಲ್ಲಿ, ಅವರಿಗೆ ಮತ್ತೆ ಆ ಕಟ್ಟಡದಿಂದ ಕರೆ ಬಂತು. ಹಳೆಯ ಯಂತ್ರಗಳನ್ನೆಲ್ಲ ಕಿತ್ತು ಹೊಸ ಬಗೆಯ ಎಸಿ ಕೂರಿಸುವ ಕೆಲಸ ಅಲ್ಲಿ ನಡೆದಿತ್ತು. ಚಾವಣಿಯಡಿ ಯಾವ ತಗಡಿನ ಕೊಳವೆ ಎಲ್ಲಿಂದ ಎಲ್ಲಿಗೆ ಹೋಗಿದೆ ಎಂಬ ನಕ್ಷೆಯನ್ನು ಗೆದ್ದಲು ತಿಂದು ಎಷ್ಟೋ ಕಾಲವಾಗಿತ್ತು. ಉಳಿದಿದ್ದ ನಕ್ಷೆ ಮೇಸ್ತ್ರಿಯ ತಲೆಯೊಳಗಿನದೊಂದೇ. ಕೆಲಸದ ಹೊಣೆ ಹೊತ್ತಿದ್ದ ಎಂಜಿನಿಯರ್ ಇಪ್ಪತ್ತೆಂಟರ ಹುಡುಗಿ. ತಾನೇ ಮನೆ ಹುಡುಕಿಕೊಂಡು ಬಂದು, ಹತ್ತು ದಿನ ಜೊತೆಗಿದ್ದು ತೋರಿಸಿಕೊಡಿ ಎಂದು ಕೇಳಿದಳು. ಮೇಸ್ತ್ರಿಗೆ ಆನಂದವೋ ಆನಂದ. ಆದರೆ ಬಿಗುಮಾನ ಬಿಡಬಾರದಲ್ಲ, ಮೊಣಕಾಲು ನೋವು ಅದು ಇದು ಎಂದು ಸ್ವಲ್ಪ ಹೊತ್ತು ಎಳೆದಾಡಿ ಒಪ್ಪಿಕೊಂಡರು.

ಚಹಾ ತಂದ ಅವರ ಹೆಂಡತಿ ಲೋಟ ಕೊಟ್ಟು ಅಲ್ಲೇ ಕುಳಿತಳು. ಅವಳೂ ಅದೇ ಕಟ್ಟಡದಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವಳು.

"ಮೂರನೇ ಮಹಡೀಲಿ ಹಳೇ ಟೆಲಿಫೋನ್ ಕೋಣೆ ಇದೆಯಲ್ಲಮ್ಮ, ಅದರ ಗೋಡೆ ಮೇಲೆ ಒಂದು ತಿರುಗಿಸೋ ಗುಂಡಿ ಇರ್ಬೇಕು. ದಂತದ ಬಣ್ಣದ್ದು, ಸುತ್ತ ಅಂಕಿ. ಅದನ್ನ ಮಾತ್ರ ಎಸೀಬೇಡಿ. ಕೀಳೋ ದಿನ ಹೇಳಿ, ನಾನೇ ಬಂದು ತಗೊಂಡು ಹೋಗ್ತೀನಿ."

"ಅದ್ಯಾಕಮ್ಮ?"

"ನಮ್ಮ ಮದುವೆ ಆಗಿದ್ದೇ ಅದರಿಂದ. ಇಡೀ ಕಟ್ಟಡದಲ್ಲಿ ನಾನೂರು ಜನ ಇದ್ರು. ನನ್ನ ಮಾತು ಕೇಳಿ, ನನಗೊಬ್ಬಳಿಗೇ ಅಂತ ಗುಂಡಿ ಹಾಕಿಕೊಟ್ಟಿದ್ದು ಇವರೊಬ್ರೇ. ಮ್ಯಾನೇಜರ್ ಕೋಣೇಲೂ ಇರ್ಲಿಲ್ಲ ಅದು."

ಮೇಸ್ತ್ರಿಗೆ ಚಹಾ ನೆತ್ತಿಗೆ ಹತ್ತಿತು. ಹೆಂಡತಿ ಬೆನ್ನು ತಟ್ಟಿದಳು. ಈ ಕಥೆಯನ್ನು ಅವಳು ಹೇಳದ ನೆಂಟರ ಮನೆ ಇರಲಿಲ್ಲ. ಮಗಳಿಗೆ ಗಂಡು ನೋಡುವಾಗ ಹೇಳಿದ್ದಳು, ಸೊಸೆ ಮನೆಗೆ ಬಂದ ವಾರವೇ ಹೇಳಿದ್ದಳು, ಮೊಮ್ಮಗಳಿಗೆ ಊಟ ಮಾಡಿಸುತ್ತಾ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ. ಪ್ರತಿ ಸಲವೂ ಮೇಸ್ತ್ರಿ ತಲೆ ತಗ್ಗಿಸಿ ಕೂರುತ್ತಿದ್ದರು. ಅವರ ಸಂಕೋಚ ಸ್ವಭಾವ ಎಂದು ನೆಂಟರು ಮೆಚ್ಚಿಕೊಳ್ಳುತ್ತಿದ್ದರು. ಅದು ಸಂಕೋಚವಲ್ಲ, ಭಯ. ಯಾಕೆಂದರೆ ಆ ಗುಂಡಿಯ ಹಿಂದೆ ತಂತಿಯೇ ಇರಲಿಲ್ಲ. ಹಾಕಿದ ದಿನವೂ ಇರಲಿಲ್ಲ, ಆಮೇಲೂ ಇರಲಿಲ್ಲ. ಎರಡು ಮೊಳೆಗಳ ಮೇಲೆ ಗೋಡೆಗೆ ಅಂಟಿಕೊಂಡಿದ್ದ ಖಾಲಿ ಡಬ್ಬಿ ಅದು. ಅವಳು ಬಂದು ನಿಂತು, ಅವಳ ಕಣ್ಣೆದುರಿಗೆ ಅದನ್ನು ಕಿತ್ತರೆ ಮೂವತ್ತೊಂಬತ್ತು ವರ್ಷದ ಸುಳ್ಳು ಹೊರಗೆ ಬೀಳುತ್ತಿತ್ತು.

ಆ ಸುಳ್ಳಿನ ಮೂಲ ಕಟ್ಟಡದ ನೆಲಮಾಳಿಗೆಯಲ್ಲಿತ್ತು.

ಮೇಸ್ತ್ರಿ ಕೆಲಸಕ್ಕೆ ಸೇರಿದಾಗ ಅವರಿಗೆ ಇಪ್ಪತ್ನಾಲ್ಕು. ನೆಲಮಾಳಿಗೆಯಲ್ಲಿ ಬಸ್ಸಿನಷ್ಟು ದೊಡ್ಡ ಎರಡು ಯಂತ್ರ. ಅವು ನೀರನ್ನು ತಣ್ಣಗೆ ಮಾಡುವುದು, ಆ ನೀರನ್ನು ಪಂಪುಗಳು ಒಂದೊಂದು ಮಹಡಿಗೂ ದಬ್ಬುವುದು. ಪ್ರತಿ ಮಹಡಿಯ ಮೂಲೆಯಲ್ಲಿ ಬೀಗ ಹಾಕಿದ ಒಂದು ಗಾಳಿ ಕೋಣೆ. ಅಲ್ಲಿ ಮನುಷ್ಯನಷ್ಟು ಎತ್ತರದ ಫ್ಯಾನು ಆ ತಣ್ಣೀರಿನ ಕೊಳವೆಗಳ ಮೇಲೆ ಗಾಳಿ ಹಾಯಿಸಿ, ಚಾವಣಿಯಡಿಯ ತಗಡಿನ ಕೊಳವೆಗಳಿಂದ ಕೋಣೆಕೋಣೆಗೂ ಕಳಿಸುತ್ತಿತ್ತು. ಹೀರಿಕೊಂಡ ಬಿಸಿಯೆಲ್ಲ ಬೇರೆ ನೀರಿನ ಜೊತೆ ಮೇಲಕ್ಕೆ ಹೋಗಿ, ತಾರಸಿಯಲ್ಲಿದ್ದ ಮರದ ಪಟ್ಟಿಗಳ ಗೋಪುರದಿಂದ ಜಿನುಗಿ ಆಕಾಶಕ್ಕೆ ಸೇರುತ್ತಿತ್ತು. ಬೆಳಿಗ್ಗೆ ಏಳಕ್ಕೆ, ಮೊದಲು ಗೋಪುರದ ಫ್ಯಾನು, ಆಮೇಲೆ ಪಂಪು, ಕೊನೆಗೆ ಯಂತ್ರ, ಈ ಕ್ರಮ ತಪ್ಪುವಂತಿರಲಿಲ್ಲ. ಯಂತ್ರ ಉಸಿರೆಳೆದುಕೊಂಡು ಶುರುವಾಗುವಾಗ ಕಾಲಡಿಯ ನೆಲ ಅದುರುತ್ತಿತ್ತು. ಆ ಅದುರು ಅಂಗಾಲಿಗೆ ಮುಟ್ಟಿದರೆ ಸಾಕು, ದಿನ ಸರಿಯಾಗಿ ಶುರುವಾಯಿತು ಎಂದು ಮೇಸ್ತ್ರಿಗೆ ಸಮಾಧಾನವಾಗುತ್ತಿತ್ತು. ಈಗಲೂ ಬೆಳಿಗ್ಗೆ ಏಳಕ್ಕೆ ಅವರು ಎಲ್ಲಿದ್ದರೂ ಒಂದು ಗಳಿಗೆ ಬರಿಗಾಲು ನೆಲಕ್ಕೂರಿ ನಿಲ್ಲುತ್ತಾರೆ.

ಅವರಿಗೆ ಕೆಲಸ ಕಲಿಸಿದವರು ದೊಡ್ಡ ಮೇಸ್ತ್ರಿ. ಹಲ್ಲಿಲ್ಲದ ಬಾಯಿ, ನೀಲಿ ಅಂಗಿ, ಯಾವಾಗಲೂ ಎಣ್ಣೆಯ ವಾಸನೆ. ಯಂತ್ರದ ಬಿಸಿ ಕೊಳವೆಯ ಮೇಲೆ ಚಹಾದ ಚೊಂಬು ಇಟ್ಟು ಬಿಸಿ ಕಾಪಾಡಿಕೊಳ್ಳುತ್ತಿದ್ದರು, ಅದೇ ಯಂತ್ರದ ಇನ್ನೊಂದು ಕೊಳವೆಗೆ ಕುಡಿಯುವ ನೀರಿನ ಬಾಟಲಿ ಕಟ್ಟುತ್ತಿದ್ದರು. ಹೊಸಬರಿಗೆ ಅದೇ ಅವರ ಮೊದಲನೇ ಪಾಠ.

"ತಂಪು ಅಂತ ನಾವು ಏನನ್ನೂ ಮಾಡಲ್ಲ ಕಣೋ. ಇಲ್ಲಿನ ಬಿಸೀನ ಎತ್ತಿ ಅಲ್ಲಿ ಹಾಕ್ತೀವಿ. ಹೊರೆ ಹೊರೋ ಕೂಲಿಗಳು ನಾವು."

ಎರಡನೇ ಪಾಠ ಕೊಳವೆಗಳೊಳಗಿನ ತಡೆಹಲಗೆಗಳದು. ಪ್ರತಿ ಕೋಣೆಯ ಕವಲಿಗೂ ತಗಡಿನ ಒಂದು ಹಲಗೆ, ಅದನ್ನು ತಿರುಗಿಸಿದಷ್ಟು ಗಾಳಿ ಕಮ್ಮಿ ಅಥವಾ ಜಾಸ್ತಿ. ಕಟ್ಟಡ ಕಟ್ಟಿದಾಗ ಮೂರು ತಿಂಗಳು ಒದ್ದಾಡಿ ಅವನ್ನೆಲ್ಲ ಹದಕ್ಕೆ ತಂದು ನಿಲ್ಲಿಸಿದ್ದರಂತೆ. "ಪ್ರಾಣ ಹೋದರೂ ಅವನ್ನ ಮುಟ್ಟಬೇಡ. ಒಬ್ಬನಿಗೆ ಕಮ್ಮಿ ಮಾಡಿದ್ರೆ ಆ ಗಾಳಿ ಪಕ್ಕದವನ ತಲೆ ಮೇಲೆ ಹೋಗಿ ಬೀಳುತ್ತೆ. ಒಂದು ಸರಿ ಮಾಡೋಕೆ ಹೋಗಿ ಹತ್ತು ಕೆಡಿಸ್ತೀಯ."

ಆದರೆ ಜನ ಕೇಳಬೇಕಲ್ಲ. ನೆಲಮಾಳಿಗೆಯ ಫೋನು ದಿನವಿಡೀ ಹೊಡೆದುಕೊಳ್ಳುತ್ತಿತ್ತು. ಎರಡನೇ ಮಹಡಿಯ ದಪ್ಪ ಗುಮಾಸ್ತರಿಗೆ ಸೆಕೆ. ಅದೇ ಸಾಲಿನಲ್ಲಿ ಕೂರುವ ಸಣಕಲು ಗುಮಾಸ್ತರಿಗೆ ಚಳಿ. ಒಬ್ಬರ ಮಾತು ಕೇಳಿದರೆ ಇನ್ನೊಬ್ಬರು ಕೆಂಡ. ಇದಕ್ಕೆ ದೊಡ್ಡ ಮೇಸ್ತ್ರಿ ಒಂದು ಮದ್ದು ಕಂಡುಹಿಡಿದಿದ್ದರು. ಯಾವುದೋ ಕಾಲದ ಹಳೆಯ ಥರ್ಮೋಸ್ಟಾಟುಗಳು, ಅಂದರೆ ತಂಪು ಹೆಚ್ಚು ಕಮ್ಮಿ ಮಾಡುವ ಗುಂಡಿಯ ಡಬ್ಬಿಗಳು, ಅವರ ಕಪಾಟಿನಲ್ಲಿ ಒಂದು ಪೆಟ್ಟಿಗೆ ತುಂಬ ಇದ್ದವು. ತೀರಾ ಕಾಟ ಕೊಡುವವರ ಗೋಡೆಗೆ ಒಂದನ್ನು ಬಡಿದು, "ಇನ್ನು ನಿಮ್ಮ ಕೈಯಲ್ಲೇ ಇದೆ ಸ್ವಾಮಿ, ಬೇಕಾದ ಹಾಗೆ ತಿರುಗಿಸಿಕೊಳ್ಳಿ. ಅರ್ಧ ಗಂಟೆ ತಗೊಳ್ಳುತ್ತೆ ಅಷ್ಟೆ," ಎಂದು ಕೈಮುಗಿದು ಬರುತ್ತಿದ್ದರು. ಹಿಂದೆ ತಂತಿಯಿಲ್ಲ, ಏನಿಲ್ಲ. ಅರ್ಧ ಗಂಟೆಯೊಳಗೆ ಆ ಮನುಷ್ಯನ ಸಿಟ್ಟು ತಣ್ಣಗಾಗುತ್ತಿತ್ತು, ಸಿಟ್ಟು ಇಳಿದ ಮೇಲೆ ಸೆಕೆಯೂ ಇಳಿಯುತ್ತಿತ್ತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. "ಜನಕ್ಕೆ ಬೇಕಾಗಿರೋದು ತಂಪಲ್ಲ, ತಿರುಗಿಸೋಕೊಂದು ಗುಂಡಿ," ಎಂದು ಬೊಚ್ಚುಬಾಯಿ ಬಿಟ್ಟು ನಗುತ್ತಿದ್ದರು.

ಗಾಳಿ ಮೇಸ್ತ್ರಿ ಆಗಿನ್ನೂ ಬರೀ ಸಣ್ಣ ಮೇಸ್ತ್ರಿ. ಸೇರಿ ಮೂರನೇ ವರ್ಷ ಟೆಲಿಫೋನ್ ಕೋಣೆಗೆ ಹೊಸ ಹುಡುಗಿ ಬಂದಳು. ಗಾಳಿ ಕೋಣೆಗೆ ಅಂಟಿಕೊಂಡೇ ಇದ್ದ, ಕಿಟಕಿಯಿಲ್ಲದ, ಹಾಸಿಗೆಯೊಂದನ್ನು ಹಾಸಿದರೆ ತುಂಬಿಹೋಗುವ ಕೋಣೆ ಅದು. ಕೊಳವೆಯ ಮೊದಲನೇ ಕವಲು ಅಲ್ಲೇ, ಆದ್ದರಿಂದ ಫ್ಯಾನಿನ ರಭಸವೆಲ್ಲ ಅವಳ ತಲೆಯ ಮೇಲೆ. ಸ್ವೆಟರು ಹಾಕಿಕೊಂಡು, ತಲೆಗೆ ಮಫ್ಲರ್ ಸುತ್ತಿ, ಅದರ ಮೇಲೆ ಕಿವಿಯ ಫೋನು ಸಿಕ್ಕಿಸಿಕೊಂಡು, ಎರಡೂ ಕೈಯಿಂದ ಹಗ್ಗದಂಥ ತಂತಿಗಳನ್ನು ಒಂದು ತೂತಿನಿಂದ ಕಿತ್ತು ಇನ್ನೊಂದಕ್ಕೆ ಚುಚ್ಚುತ್ತಾ ಕುಳಿತಿರುತ್ತಿದ್ದಳು. ಬೇರೆಯವರು ದೂರು ಕೊಡಲು ಅವಳ ಮೂಲಕ ಬರಬೇಕು. ಅವಳಿಗೆ ಅಡ್ಡಿ ಯಾರು? ದಿನಕ್ಕೆ ಮೂರು ಸಲ ನೆಲಮಾಳಿಗೆಗೆ ಫೋನು ಮಾಡುತ್ತಿದ್ದಳು.

"ಮೇಸ್ತ್ರಿಗಳೇ, ಮೂರನೇ ಮಹಡಿಯಿಂದ. ನನ್ನ ಬೆರಳು ಇದ್ಯೋ ಇಲ್ವೋ ಗೊತ್ತಾಗ್ತಿಲ್ಲ. ಬಂದು ಎಣಿಸಿ ಹೋಗ್ತೀರಾ?"

ದೊಡ್ಡ ಮೇಸ್ತ್ರಿ ಕಪಾಟು ತೆಗೆದು ಒಂದು ದಂತದ ಬಣ್ಣದ ಡಬ್ಬಿ ಕೊಟ್ಟು ಕಳಿಸಿದರು. ಸಣ್ಣ ಮೇಸ್ತ್ರಿ ಹೋಗಿ ಎರಡು ಮೊಳೆ ಹೊಡೆದು, ಅರ್ಧ ಗಂಟೆಯ ಮಂತ್ರ ಹೇಳಿ ಬಂದರು. ಹುಡುಗಿ ಗುಂಡಿಯನ್ನು ಮೆಲ್ಲಗೆ ತಿರುಗಿಸಿ ನೋಡಿ, "ನನಗೊಬ್ಬಳಿಗೇನಾ?" ಎಂದು ಕೇಳಿದಳು. ಅಷ್ಟು ಹೊತ್ತಿಗಾಗಲೇ ಅವರ ಮನಸ್ಸು ಪಿಚ್ಚೆಂದಿತ್ತು. ಮಧ್ಯಾಹ್ನ ಅವಳೇ ಫೋನು ಮಾಡಿ, ತುಂಬಾ ಬೆಚ್ಚಗಾಯಿತು, ಬಹಳ ಉಪಕಾರವಾಯಿತು ಎಂದಳು. ದೊಡ್ಡ ಮೇಸ್ತ್ರಿ ತೊಡೆ ತಟ್ಟಿಕೊಂಡು ನಕ್ಕರು.

ನಾಲ್ಕನೇ ದಿನ ಸಣ್ಣ ಮೇಸ್ತ್ರಿ ಸುತ್ತು ಹೊಡೆಯುತ್ತಾ ಮೂರನೇ ಮಹಡಿಗೆ ಹೋದಾಗ ಹುಡುಗಿಗೆ ಮೂಗು ಕೆಂಪಗೆ, ಕಣ್ಣಲ್ಲಿ ಜ್ವರ. ಗುಂಡಿಯನ್ನು ಕಟ್ಟಕಡೆಯವರೆಗೂ ತಿರುಗಿಸಿ ಇಟ್ಟಿದ್ದಳು. ಅವರನ್ನು ನೋಡಿದವಳೇ ತಾನೇ ತಪ್ಪು ಮಾಡಿದವಳಂತೆ ಹೇಳಿದಳು.

"ನಿಮ್ಮ ಗುಂಡಿ ಸರಿಯಾಗೇ ಇದೆ ಮೇಸ್ತ್ರಿಗಳೇ. ನನ್ನ ಮೈಯೇ ಸರಿಯಿಲ್ಲ ಅನ್ಸುತ್ತೆ. ಇಷ್ಟು ಬೆಚ್ಚಗಿದ್ರೂ ನಡುಕ ಬರ್ತಿದೆ."

ಆ ಮಾತು ಮೇಸ್ತ್ರಿಯ ಎದೆಗೆ ನಾಟಿತು. ಬೈದಿದ್ದರೆ ಬೈಸಿಕೊಂಡು ಬರಬಹುದಿತ್ತು. ಇವಳು ತನ್ನ ಮೈಯನ್ನೇ ಬೈದುಕೊಂಡಳು, ಅವರು ಗೋಡೆಗೆ ಬಡಿದ ಖಾಲಿ ಡಬ್ಬಿಯನ್ನು ನಂಬಿದಳು. ಅಂದು ಅವರಿಗೆ ಆದಷ್ಟು ನಾಚಿಕೆ ಮುಂದೆ ಯಾವತ್ತೂ ಆಗಲಿಲ್ಲ. ನೆಟ್ಟಗೆ ಪಕ್ಕದ ಗಾಳಿ ಕೋಣೆಗೆ ಹೋಗಿ, ಒಳಗಿನಿಂದ ಚಿಲಕ ಹಾಕಿಕೊಂಡು, ಗೋಡೆಯ ಕಬ್ಬಿಣದ ಏಣಿ ಹತ್ತಿದರು. ಕೊಳವೆ ಮತ್ತು ಚಾವಣಿಯ ನಡುವಿನ ಸಂದಿಯಲ್ಲಿ ಹೊಟ್ಟೆಯ ಮೇಲೆ ತೆವಳಿಕೊಂಡು ಮುಂದೆ ಹೋಗಿ, ತುಕ್ಕು ಹಿಡಿದು ಬಿಗಿದಿದ್ದ ತಡೆಹಲಗೆಯ ಸರಳನ್ನು ಇಕ್ಕಳದಿಂದ ಹಿಡಿದು ಅರ್ಧಕ್ಕೆ ತಿರುಗಿಸಿದರು. ದೊಡ್ಡ ಮೇಸ್ತ್ರಿ ಪ್ರಾಣ ಹೋದರೂ ಬೇಡ ಎಂದಿದ್ದ ಕೆಲಸ. ಆ ಗಾಳಿಯೆಲ್ಲ ಪಕ್ಕದ ಮ್ಯಾನೇಜರ ತಲೆ ಮೇಲೆ ಹೋಗಿ ಬಿತ್ತು. ಮ್ಯಾನೇಜರು ಮಾರನೇ ದಿನ ಕೋಟು ಹಾಕಿಕೊಂಡು ಬಂದರು, ಕೋಟಿನಲ್ಲಿ ತಾವು ಚೆನ್ನಾಗಿ ಕಾಣುತ್ತೇವೆಂದು ಯಾರೋ ಹೇಳಿದ್ದರಿಂದ ಮುಂದೆ ಅದನ್ನೇ ರೂಢಿ ಮಾಡಿಕೊಂಡರು.

ಅಲ್ಲಿಂದ ಶುರುವಾಯಿತು. ಗುಂಡಿ ಸುಳ್ಳಾದರೂ ಅದರ ಕೆಲಸ ಸುಳ್ಳಾಗಬಾರದು ಎಂದು ಅವರು ತಮ್ಮೊಳಗೇ ಒಂದು ಒಪ್ಪಂದ ಮಾಡಿಕೊಂಡರು. ಸುತ್ತು ಹೊಡೆಯುವಾಗ ಟೆಲಿಫೋನ್ ಕೋಣೆಯ ಬಾಗಿಲಲ್ಲಿ ಇಣುಕುವುದು. ಗುಂಡಿ ಇದ್ದಲ್ಲೇ ಇದ್ದರೆ ಮುಂದೆ ಹೋಗುವುದು. ತಿರುಗಿದ್ದರೆ ಒಳಗೆ ಹೋಗಿ ಯಾವ ಅಂಕಿಗೆ ಬಂದಿದೆ ನೋಡಿ, ಚಳಿಯೋ ಸೆಕೆಯೋ ಎಂದು ಎರಡು ಮಾತು ವಿಚಾರಿಸಿ, ಗಾಳಿ ಕೋಣೆಗೆ ಹೋಗಿ ಏಣಿ ಹತ್ತುವುದು. ಅಂಕಿ ಎಷ್ಟಿದೆಯೋ ಹಲಗೆಯನ್ನು ಅಷ್ಟೇ ಓರೆ ಮಾಡುವುದು. ಸರಳಿನ ಪಕ್ಕದಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಂಡಿದ್ದರು. ಅರ್ಧ ಗಂಟೆ ಬಿಟ್ಟು ಮತ್ತೆ ಹೋಗಿ ಸರಿಹೋಯಿತೇ ಎಂದು ಕೇಳುವುದು. ಅವಳಿಗೆ ಕಾಣದ ಆ ತಂತಿ ಅವರೇ ಆಗಿದ್ದರು.

ಎರಡು ವರ್ಷ ಹೀಗೆ ವಿಚಾರಿಸಿ ವಿಚಾರಿಸಿ, ಒಂದು ದಿನ ಚಳಿಯೂ ಅಲ್ಲದ ಸೆಕೆಯೂ ಅಲ್ಲದ ಮಾತೊಂದನ್ನು ಮೇಸ್ತ್ರಿ ಕೇಳಿಬಿಟ್ಟರು. ಹುಡುಗಿ ಮೂರು ಕರೆಗಳನ್ನು ತಪ್ಪು ತಪ್ಪಾಗಿ ಜೋಡಿಸಿ, ನಾಳೆ ಹೇಳುತ್ತೇನೆ ಎಂದಳು. ಮದುವೆಯಾಯಿತು.

ಅವಳು ಸೇರಿದ ಮನೆಯಲ್ಲಿ ಮೂರು ಕೋಣೆ, ಒಂಬತ್ತು ಜನ. ಅತ್ತೆ, ಮಾವ, ಗಂಡನ ಸೋದರತ್ತೆ, ಇಬ್ಬರು ಮೈದುನರು, ಆಮೇಲೆ ಇಬ್ಬರು ಮಕ್ಕಳು. ನಡುಮನೆಯಲ್ಲಿ ಒಂದು ನೀರಿನ ಕೂಲರು, ಅದರ ಬಾಯಿ ಯಾವಾಗಲೂ ಮಾವನ ಕಡೆಗೆ. ಸಂಜೆ ಮೇಸ್ತ್ರಿ ಬಂದ ಕೂಡಲೇ ಅಪ್ಪನಿಗೆ ಪೇಪರು ಓದಿ ಹೇಳಬೇಕು, ತಮ್ಮಂದಿರ ಜಗಳ ಬಿಡಿಸಬೇಕು, ಅಮ್ಮನ ಸೊಂಟಕ್ಕೆ ಎಣ್ಣೆ ತರಬೇಕು. ಗಂಡ ಹೆಂಡತಿ ಒಂದೇ ಬಸ್ಸಿನಲ್ಲಿ ಬಂದು ಒಂದೇ ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಮುಗಿಯಿತು, ಮತ್ತೆ ಮುಖ ನೋಡುವುದು ಮಾರನೇ ಬೆಳಿಗ್ಗೆ. ಗಲಾಟೆ, ನಗು, ಯಾರದೋ ಟವೆಲು ಯಾರೋ ಉಟ್ಟುಕೊಂಡು ಹೋಗುವುದು. ಈಗ ಆ ಮನೆಯಲ್ಲಿ ಇಬ್ಬರೇ. ಮೈದುನರು ಬೇರೆಯಾದರು, ಹಿರಿಯರು ಹೋದರು, ಮಕ್ಕಳು ಹತ್ತಿರದಲ್ಲೇ ಮನೆ ಮಾಡಿಕೊಂಡರು. ಕೂಲರಿನ ಜಾಗದಲ್ಲಿ ಸದ್ದಿಲ್ಲದ ಸ್ಪ್ಲಿಟ್ ಬಂತು. ಮೇಸ್ತ್ರಿಗೆ ಕೆಲವು ಮಧ್ಯಾಹ್ನ ಆ ಹಳೆಯ ಗದ್ದಲ ಎಷ್ಟು ನೆನಪಾಗುತ್ತಿತ್ತೆಂದರೆ, ಎದ್ದು ಹೋಗಿ ಅಡುಗೆಮನೆಯ ರೇಡಿಯೋ ಹಾಕಿ ಬರುತ್ತಿದ್ದರು.

ಹತ್ತೊಂಬತ್ತು ವರ್ಷ ಅವಳು ಆ ಕೋಣೆಯಲ್ಲಿದ್ದಳು. ಹತ್ತೊಂಬತ್ತು ವರ್ಷ ಅವರು ಏಣಿ ಹತ್ತಿದರು. ದೊಡ್ಡ ಮೇಸ್ತ್ರಿ ಕಾಲವಾಗಿ ಇವರೇ ಗಾಳಿ ಮೇಸ್ತ್ರಿಯಾದ ಮೇಲೂ ಕೈಕೆಳಗಿನವರನ್ನು ಆ ಕೆಲಸಕ್ಕೆ ಕಳಿಸಲಿಲ್ಲ. ಆಮೇಲೆ ತಾನಾಗಿಯೇ ಜೋಡಿಸಿಕೊಳ್ಳುವ ಟೆಲಿಫೋನು ಬಂತು. ಅವಳನ್ನು ದಾಖಲೆಗಳ ವಿಭಾಗಕ್ಕೆ ಹಾಕಿದರು, ಕೋಣೆಯನ್ನು ಹಳೆ ಕುರ್ಚಿ ತುಂಬಲು ಬಿಟ್ಟರು. ಗುಂಡಿ ಗೋಡೆಯ ಮೇಲೇ ಉಳಿಯಿತು. ಅದನ್ನು ಅಂದೇ ಕಿತ್ತು ಎಸೆದಿದ್ದರೆ ಈ ಫಜೀತಿ ಇರುತ್ತಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ.

ಒಂಬತ್ತು ದಿನ ಮೇಸ್ತ್ರಿ ಎಂಜಿನಿಯರ್ ಹುಡುಗಿಯ ಜೊತೆ ಮಹಡಿ ಮಹಡಿ ಸುತ್ತಿದರು. ಆ ಹುಡುಗಿಯೂ ತನ್ನ ಹೊಸ ಎಸಿಯನ್ನು ಅವರಿಗೆ ವಿವರಿಸಿದಳು. ತಾರಸಿಯ ಮೇಲೆ ಕೆಲವೇ ಯಂತ್ರ, ಅಲ್ಲಿಂದ ಬೆರಳು ಗಾತ್ರದ ತಾಮ್ರದ ಪೈಪುಗಳು, ಪ್ರತಿ ಕೋಣೆಗೂ ಅದರದೇ ಪುಟ್ಟ ಪೆಟ್ಟಿಗೆ, ಅದರದೇ ರಿಮೋಟು. ಪಕ್ಕದ ಕೋಣೆಯಲ್ಲಿ ಹದಿನೆಂಟು ಡಿಗ್ರಿ ಇದ್ದರೂ ಇವರು ಇಪ್ಪತ್ತಾರು ಇಟ್ಟುಕೊಳ್ಳಬಹುದು, ಯಾರೂ ಇಲ್ಲದ ಕೋಣೆಗೆ ಗಾಳಿಯೇ ಬೇಕಿಲ್ಲ.

"ಅಂದ್ರೆ ಒಂದೇ ಕಾಂಪೌಂಡು, ಬೇರೆ ಬೇರೆ ಅಡುಗೆಮನೆ," ಎಂದರು ಮೇಸ್ತ್ರಿ.

"ಹೌದು ಸರ್, ಸರಿಯಾಗಿ ಹೇಳಿದ್ರಿ."

"ಒಳ್ಳೇದು ಕಣಮ್ಮ. ನಮ್ಮ ಕಾಲದಲ್ಲಿ ಇದ್ದಿದ್ರೆ ನಾನು ಇಷ್ಟು ಸುಳ್ಳು ಹೇಳ್ಬೇಕಾಗಿರ್ಲಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಹತ್ತನೇ ದಿನ ಬೆಳಿಗ್ಗೆ ಅರ್ಥವಾಯಿತು. ಅಂದು ಮಧ್ಯಾಹ್ನ ಮೂರನೇ ಮಹಡಿಯ ಗೋಡೆಗಳನ್ನು ಬರಿದು ಮಾಡುವುದಿತ್ತು, ಮೇಸ್ತ್ರಿಯ ಹೆಂಡತಿ ಊಟ ಮುಗಿಸಿ ಬರುವುದಾಗಿ ಹೇಳಿದ್ದಳು. ಅವಳಿಗಿಂತ ನಾಲ್ಕು ಗಂಟೆ ಮೊದಲೇ ಮೇಸ್ತ್ರಿ ಟೆಲಿಫೋನ್ ಕೋಣೆ ಹೊಕ್ಕರು. ನೆಲದ ಮೇಲೆ ಹೊಸ ಕೆಲಸದ ತಂತಿಯ ತುಂಡುಗಳು ಬಿದ್ದಿದ್ದವು. ಕೆಂಪೊಂದು ಹಸಿರೊಂದು ಆರಿಸಿಕೊಂಡು, ಗುಂಡಿಯ ಡಬ್ಬಿ ಬಿಚ್ಚಿ, ಹಿಂದಿನ ಗೋಡೆಗೆ ಉಳಿಯಿಂದ ತೂತು ಕೊರೆದು, ಎರಡನ್ನೂ ಒಳಕ್ಕೆ ತುರುಕುತ್ತಿದ್ದಾಗ ಬಾಗಿಲಲ್ಲಿ ಎಂಜಿನಿಯರ್ ಹುಡುಗಿ.

"ಏನ್ ಸರ್ ಮಾಡ್ತಿದ್ದೀರಿ?"

ಮೇಸ್ತ್ರಿ ಅಲ್ಲೇ ಒಂದು ಮುರುಕು ಕುರ್ಚಿಯ ಮೇಲೆ ಕುಳಿತು ಎಲ್ಲ ಹೇಳಿದರು. ಮೂವತ್ತೊಂಬತ್ತು ವರ್ಷ ಯಾರಿಗೂ ಹೇಳದಿದ್ದದ್ದು ಹತ್ತು ದಿನದ ಪರಿಚಯದವಳ ಮುಂದೆ ಸಲೀಸಾಗಿ ಬಂದುಬಿಟ್ಟಿತು.

"ಅಮ್ಮನಿಗೆ ನಿಜ ಹೇಳಿಬಿಡಿ ಸರ್. ನಕ್ಕುಬಿಡ್ತಾರೆ."

"ನಗಲ್ಲಮ್ಮ. ಅವಳು ಕಷ್ಟ ಬಂದಾಗೆಲ್ಲ ಈ ಗುಂಡಿ ನೆನೆಸ್ಕೊಂಡು ನನ್ನ ಕ್ಷಮಿಸಿದ್ದಾಳೆ. ನನ್ನ ಅಮ್ಮ ಏನಾದ್ರೂ ಅಂದಾಗ, ನಾನು ಬಾಯಿ ಬಿಡದೆ ನಿಂತಾಗ, 'ಹೋಗ್ಲಿ ಬಿಡಿ, ಮೊದಲು ನನ್ನ ಮಾತು ಕೇಳಿದೋರು ನೀವೇ ತಾನೇ' ಅಂತಾಳೆ. ಆ ಕೇಳಿದ್ದೇ ಸುಳ್ಳು ಅಂತ ಹ್ಯಾಗೆ ಹೇಳ್ಲಿ?"

ಮೇಸ್ತ್ರಿ ಡಬ್ಬಿ ಮುಚ್ಚಿ ಮೊಳೆ ಬಿಗಿದರು.

ಎರಡು ಗಂಟೆಗೆ ಹೆಂಡತಿ ಬಂದಳು. ಗುಂಡಿ ಸುತ್ತಿಕೊಳ್ಳಲು ಮೆತ್ತನೆಯ ಬಟ್ಟೆ ತಂದಿದ್ದಳು. ಖಾಲಿ ಕೋಣೆಯಲ್ಲಿ ತನ್ನ ಮೇಜು ಎಲ್ಲಿತ್ತು, ಸ್ವೆಟರು ನೇತುಹಾಕುವ ಮೊಳೆ ಎಲ್ಲಿತ್ತು ಎಂದು ಎಂಜಿನಿಯರ್‌ಗೆ ತೋರಿಸಿದಳು. ಧ್ವನಿ ತುಂಬ ಮೆತ್ತಗಾಗಿತ್ತು. ಕೆಲಸದವನು ಮೊಳೆ ಸಡಿಲಿಸಿ ಡಬ್ಬಿಯನ್ನು ಮುಂದಕ್ಕೆಳೆದ. ಹಿಂದೆ ಕೆಂಪು ಹಸಿರು ತಂತಿ ಕಂಡವು. ಮೇಸ್ತ್ರಿ ಹಿಡಿದಿದ್ದ ಉಸಿರು ಬಿಟ್ಟರು. ಸ್ವಲ್ಪ ಬೇಗನೇ ಬಿಟ್ಟುಬಿಟ್ಟರು.

"ತಡಿಯಪ್ಪ, ಕತ್ತರಿಸಬೇಡ," ಎಂದು ಅವಳು ಮುಂದೆ ಬಂದು ಎರಡು ಬೆರಳಲ್ಲಿ ತಂತಿ ಹಿಡಿದು ಮೆಲ್ಲಗೆ ಜಗ್ಗಿದಳು. ಗೇಣುದ್ದದ ತಂತಿ ಕೈಗೆ ಬಂತು. ಅವಳು ಅದರ ತುದಿಯನ್ನು ಬೆಳಕಿಗೆ ಹಿಡಿದು ನೋಡಿದಳು. ಹತ್ತೊಂಬತ್ತು ವರ್ಷ ತಂತಿಯೊಂದಿಗೇ ಬಾಳಿದವಳ ಕಣ್ಣಿಗೆ ಮಣ್ಣೆರಚುವುದು ಉಂಟೇ. ಆ ಮಾತು ಮೇಸ್ತ್ರಿಗೆ ಆಗ ಹೊಳೆಯಿತು.

"ಇದು ಇವತ್ತು ಕತ್ತರಿಸಿದ ತಂತಿ," ಎಂದಳು. "ತಾಮ್ರ ಇನ್ನೂ ಹೊಳೀತಿದೆ."

ಎಂಜಿನಿಯರ್ ಹುಡುಗಿ ಕೆಲಸದವನನ್ನು ಕರೆದುಕೊಂಡು ಆ ಕಡೆಯ ಪೈಪು ನೋಡಲು ಹೊರಟುಹೋದಳು.

ಮೇಸ್ತ್ರಿ ಗೋಡೆ ನೋಡುತ್ತಾ ಹೇಳಿದರು. ದೊಡ್ಡ ಮೇಸ್ತ್ರಿಯ ಪೆಟ್ಟಿಗೆ, ಎರಡು ಮೊಳೆ, ಅರ್ಧ ಗಂಟೆಯ ಸುಳ್ಳು, ಅವಳ ಜ್ವರ, ಗಾಳಿ ಕೋಣೆಯ ಏಣಿ. ಒಂದನ್ನೂ ಬಿಡಲಿಲ್ಲ. ಹೇಳಿ ಮುಗಿದ ಮೇಲೆ ಅವಳ ಮುಖ ನೋಡಲು ಧೈರ್ಯವಾಗಲಿಲ್ಲ. ಈ ವಯಸ್ಸಿನಲ್ಲಿ ಅವಳು ತನ್ನನ್ನು ಅಪರಿಚಿತನಂತೆ ನೋಡಿದರೆ ಮುಂದೆ ಹೇಗೆ ಎಂದು ಅವರಿಗೆ ನಿಜವಾಗಿ ಹೆದರಿಕೆಯಾಯಿತು.

"ನಾನು ತಿರುಗಿಸಿದ ದಿನ ಎಲ್ಲ ಹತ್ತಿದ್ರಾ?"

"ಎಲ್ಲ ದಿನ."

"ಹೊಟ್ಟೆ ಮೇಲೆ ತೆವಳಿಕೊಂಡು?"

"ಹೂಂ."

ಅವಳು ಮುರುಕು ಕುರ್ಚಿಯ ಮೇಲೆ ಕುಳಿತಳು. ತಂತಿಯನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ, ಆಮೇಲೆ ತಲೆ ತಗ್ಗಿಸಿಯೇ ಮಾತಾಡಿದಳು.

"ಹಾಗಾದ್ರೆ ನಾನೂ ಒಂದು ಹೇಳ್ಬೇಕು. ನಿಜವಾಗಿ ಚಳಿ ಅಂತ ತಿರುಗಿಸಿದ್ದು ಮೊದಲ ಒಂದು ತಿಂಗಳು ಮಾತ್ರ."

"ಆಮೇಲೆ?"

"ತಿರುಗಿಸದ ದಿನ ನೀವು ಬಾಗಿಲಲ್ಲೇ ಇಣುಕಿ ಹೋಗ್ತಿದ್ರಿ. ತಿರುಗಿಸಿದ ದಿನ ಒಳಗೆ ಬಂದು ನಿಲ್ತಿದ್ರಿ, ಅರ್ಧ ಗಂಟೆ ಬಿಟ್ಟು ಮತ್ತೆ ಬರ್ತಿದ್ರಿ. ಗುಂಡಿ ತಿರುಗಿಸಿದ್ರೆ ಕೆಳಗೆ ನಿಮ್ಮ ಹತ್ರ ಏನೋ ಗಂಟೆ ಹೊಡೆಯುತ್ತೆ ಅಂದ್ಕೊಂಡಿದ್ದೆ."

ಮೇಸ್ತ್ರಿ ಅವಳ ಕಡೆ ತಿರುಗಿದರು. "ಮದುವೆ ಆದ್ಮೇಲೂ?"

"ಮದುವೆ ಆದ್ಮೇಲೇ ಜಾಸ್ತಿ. ಮನೇಲಿ ನೀವು ನನಗೆಲ್ಲಿ ಸಿಗ್ತಿದ್ರಿ? ಅಪ್ಪನಿಗೆ ಮಗ, ತಮ್ಮಂದಿರಿಗೆ ಅಣ್ಣ. ಇಲ್ಲಾದ್ರೆ ದಿನಕ್ಕೆ ಎರಡು ಸಲ, ಎರಡೆರಡು ನಿಮಿಷ ನನ್ನೊಬ್ಬಳಿಗೇ."

"ಮತ್ತೆ ಸರಿಯಾಗಿದ್ದ ಕೋಣೇನ ನಾನು ಹೋಗಿ ಬಿಸಿ ಮಾಡಿಬಿಡ್ತಿದ್ನಲ್ಲ."

"ಮಾಡಿಬಿಡ್ತಿದ್ರಿ. ಸ್ವೆಟರ್ ತೆಗೆದಿಟ್ಟು ಬೆವರ್ತಾ ಕೂತಿರ್ತಿದ್ದೆ. ವಾಪಸ್ಸು ತಿರುಗಿಸಿದ್ರೆ ನೀವು ಮತ್ತೆ ಮೂರು ಮಹಡಿ ಹತ್ತಿ ಬರ್ಬೇಕಲ್ಲ ಅಂತ, ಸಂಜೆವರೆಗೂ ಹಾಗೇ ತಡ್ಕೊಂಡಿರ್ತಿದ್ದೆ."